ತೊಡೆಸಂದಿನ ತುರಿಕೆ: ಟ್ಯೂಬ್ ಹಚ್ಚಿದರೂ ಯಾಕೆ ಹೋಗಲ್ಲ?

ಈ ವಾರ ಬೆಳೆಯ ರೋಗ ಬಿಟ್ಟು ಬೆಳೆಗಾರರ ರೋಗದ ಬಗ್ಗೆ ಬರೆಯುತ್ತಿದ್ದೇನೆ. ಮಳೆಗಾಲ ಹಿಡಿದು ತಿಂಗಳಾದರೆ ಸಾಕು, ಅಡಿಕೆ ಕೊಳೆರೋಗದ ಬಗ್ಗೆ ವಿಚಾರಿಸಲು ಫೋನ್ ಮಾಡಿದವರಲ್ಲಿ ಕೆಲವರು ಕೊನೆಗೆ ದನಿ ತಗ್ಗಿಸಿ ಇನ್ನೊಂದು ವಿಷಯ ಕೇಳ್ತಾರೆ. "ಸಾರ್, ತೊಡೆಸಂದೀಲಿ ವಿಪರೀತ ತುರಿಕೆ. ಆರು ತಿಂಗಳಾಯ್ತು. ಟ್ಯೂಬ್ ಹಚ್ಚಿದ್ರೆ ಹೋಗುತ್ತೆ, ಬಿಟ್ರೆ ಮತ್ತೆ ಬರುತ್ತೆ." ನಾನು ವೈದ್ಯನಲ್ಲ. ಆದರೆ ಬೆಳೆಯಲ್ಲಿ ನಾವು ಯಾವ ತಪ್ಪನ್ನು ಮಾಡಬಾರದು ಅಂತ ಸದಾ ಹೇಳ್ತೀವೋ, ಮೈಮೇಲೆ ಅದನ್ನೇ ಮಾಡ್ತಿದ್ದೀವಿ ಅನ್ನೋದು ಸ್ಪಷ್ಟವಾಗಿ ಕಾಣುತ್ತೆ: ರೋಗ ಯಾವುದು ಅಂತ ಗೊತ್ತಿಲ್ಲದೆ ಔಷಧಿ ಹೊಡೆಯುವುದು.

ರೈತರಲ್ಲಿ ಹೆಚ್ಚಾಗಿ ಕಾಣುವುದು ಗಜಕರ್ಣ, ಕೆಲವು ಕಡೆ ಹುಳುಕಡ್ಡಿ ಅಂತಾರೆ. ಇದು ಶಿಲೀಂಧ್ರದಿಂದ ಬರುತ್ತದೆ. ಒದ್ದೆ ಚಡ್ಡಿಯಲ್ಲಿ ಇಡೀ ದಿನ ಗದ್ದೆ, ತೋಟ ಸುತ್ತುವವರಿಗೆ ಇದು ಸುಲಭವಾಗಿ ಹಿಡಿಯುತ್ತೆ. ತೊಡೆಯ ಒಳಭಾಗದಲ್ಲಿ ಬಳೆಯಾಕಾರದ ಮಚ್ಚೆ, ಅಂಚು ಉಬ್ಬಿ ಕೆಂಪಾಗಿರುತ್ತೆ, ನಡುಭಾಗ ತಿಳಿಯಾಗಿರುತ್ತೆ. ಕುಂಡಿಗೆ, ಸೊಂಟಕ್ಕೆ ಹಬ್ಬುತ್ತದೆ. ಬೀಜದ ಚೀಲಕ್ಕೆ ಸಾಮಾನ್ಯವಾಗಿ ತಗಲುವುದಿಲ್ಲ, ಇದು ಒಂದು ಒಳ್ಳೆಯ ಗುರುತು.

ಇನ್ನು ಆ ಟ್ಯೂಬ್ ವಿಷಯ. ಮೆಡಿಕಲ್ ಶಾಪಿನಲ್ಲಿ "ತುರಿಕೆಗೆ ಕೊಡಿ" ಅಂದಾಗ ಸಿಗುವ ಮುಲಾಮುಗಳಲ್ಲಿ ಅನೇಕವು ಬೆರಕೆ ಮಾಲು. ಶಿಲೀಂಧ್ರದ ಔಷಧಿ ಒಂದಿಷ್ಟು, ಆಂಟಿಬಯೋಟಿಕ್ ಒಂದಿಷ್ಟು, ಜೊತೆಗೆ ಕ್ಲೋಬೆಟಸಾಲ್ ಅಥವಾ ಬೆಟಾಮೆಥಾಸೋನ್ ಎಂಬ ಸ್ಟೀರಾಯ್ಡ್. ಸ್ಟೀರಾಯ್ಡ್ ಎರಡೇ ದಿನದಲ್ಲಿ ಕೆಂಪು, ತುರಿಕೆ ಎರಡನ್ನೂ ಇಳಿಸುತ್ತೆ. ಆದರೆ ಅದು ಶಿಲೀಂಧ್ರವನ್ನು ಕೊಲ್ಲುವುದಿಲ್ಲ, ಅದರ ಜೊತೆ ಹೋರಾಡುವ ಚರ್ಮದ ಶಕ್ತಿಯನ್ನೇ ತಗ್ಗಿಸುತ್ತದೆ. ಹಳದಿ ಎಲೆಗೆ ಹಸಿರು ಬಣ್ಣ ಬಳಿದ ಹಾಗೆ. ಒಳಗೊಳಗೇ ರೋಗ ಹಬ್ಬುತ್ತೆ, ಬಳೆಯ ಅಂಚು ಮಾಸಿಹೋಗಿ ವೈದ್ಯರಿಗೂ ಗುರುತು ಹಿಡಿಯೋದು ಕಷ್ಟವಾಗುತ್ತೆ. ತಿಂಗಳುಗಟ್ಟಲೆ ಹಚ್ಚಿದರೆ ತೊಡೆಸಂದಿನ ಚರ್ಮ ತೆಳುವಾಗಿ, ಬಸಿರು ಹೆಂಗಸರ ಹೊಟ್ಟೆ ಮೇಲಿನ ಗೆರೆಗಳಂಥವು ಬೀಳುತ್ತವೆ. ಆ ಗೆರೆ ಪೂರ್ತಿ ಅಳಿಯುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಕೇಳಿದರೆ ಕೊಡುವವರು ಇದ್ದಾರೆ.

ಒಂದೇ ಶಿಲೀಂಧ್ರನಾಶಕ ಪದೇ ಪದೇ, ಅರೆಬರೆ ಪ್ರಮಾಣದಲ್ಲಿ ಹೊಡೆದರೆ ರೋಗ ಅದಕ್ಕೆ ಒಗ್ಗಿಕೊಳ್ಳುತ್ತೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಚರ್ಮದಲ್ಲೂ ಹಾಗೇ ಆಗಿದೆ. ಟೆರ್ಬಿನಾಫಿನ್ ಔಷಧಿಗೆ ಸರಿಯಾಗಿ ಬಗ್ಗದ ಒಂದು ಬಗೆಯ ಶಿಲೀಂಧ್ರ ಭಾರತದಲ್ಲಿ ಹರಡಿದ್ದು, ಅದಕ್ಕೆ ವಿಜ್ಞಾನಿಗಳು ಟ್ರೈಕೋಫೈಟಾನ್ ಇಂಡೋಟಿನಿಯೆ ಅಂತ ನಮ್ಮ ದೇಶದ ಹೆಸರನ್ನೇ ಸೇರಿಸಿ ಇಟ್ಟಿದ್ದಾರೆ. ಹೆಮ್ಮೆ ಪಡುವ ಸಂಗತಿ ಏನಲ್ಲ.

ಹಾಗಾಗಿ ಹಳೇ ಮಚ್ಚೆ ಇದ್ದರೆ ಚರ್ಮದ ವೈದ್ಯರ ಹತ್ತಿರ ಹೋಗಿ. ಮಚ್ಚೆಯ ಹೊಟ್ಟು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ನೋವಿಲ್ಲ. ಗಜಕರ್ಣವೇ ಆಗಿದ್ದರೆ ಮುಲಾಮಿನ ಜೊತೆ ಇಟ್ರಾಕೊನಜೋಲ್‌ನಂಥ ಮಾತ್ರೆ ಕೆಲವು ವಾರ ಬೇಕಾಗಬಹುದು. ಅದರ ಕ್ಯಾಪ್ಸೂಲನ್ನು ಊಟದ ಜೊತೆ ತಗೋಬೇಕು, ಗ್ಯಾಸ್ ಮಾತ್ರೆ ನುಂಗುತ್ತಿದ್ದರೆ ಅದು ಮೈಗೆ ಸರಿಯಾಗಿ ಹಿಡಿಯಲ್ಲ. ಲಿವರ್, ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಿ. ಮುಲಾಮನ್ನು ಮಚ್ಚೆಯ ಅಂಚಿನಿಂದ ಒಂದೆರಡು ಬೆರಳಿನಷ್ಟು ಆಚೆವರೆಗೂ ಹಚ್ಚಿ, ಮಚ್ಚೆ ಮಾಯವಾದ ಮೇಲೂ ಎರಡು ವಾರ ಬಿಡಬೇಡಿ. ಹೆಚ್ಚಿನವರು ಸೋಲುವುದು ಇಲ್ಲೇ. ಮನೆಯಲ್ಲಿ ಬೇರೆಯವರಿಗೂ ಇದ್ದರೆ ಅವರಿಗೂ ಒಟ್ಟಿಗೇ ಚಿಕಿತ್ಸೆ ಆಗಲಿ, ಟವೆಲ್ ಬೇರೆ ಬೇರೆ ಇರಲಿ. ಚಡ್ಡಿ ಬಿಸಿನೀರಲ್ಲಿ ಒಗೆದು ಒಳಮೈ ತಿರುವಿ ಬಿಸಿಲಿಗೆ ಹಾಕಿ. ಮಳೆಗಾಲದಲ್ಲಿ ಬಿಸಿಲೆಲ್ಲಿ ಅನ್ನಬೇಡಿ, ಅರೆಒಣ ಚಡ್ಡಿಗೆ ಇಸ್ತ್ರಿ ಹಾಕಿ.

ತುರಿಕೆ ಎಲ್ಲಾ ಗಜಕರ್ಣವಲ್ಲ. ಶಿಶ್ನದ ತುದಿ ಕೆಂಪಾಗಿ, ಮುಂದೊಗಲಿನ ಒಳಗೆ ಮೊಸರಿನಂಥ ಬಿಳಿ ಕಟ್ಟುತ್ತಿದ್ದರೆ ಅದು ಕ್ಯಾಂಡಿಡಾ ಇರಬಹುದು. ಅದು ಮತ್ತೆ ಮತ್ತೆ ಬಂದರೆ ಮೊದಲು ರಕ್ತದಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಿ. ಎಷ್ಟೋ ಜನರಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಗುವುದೇ ಹೀಗೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಮಾತ್ರೆಗಳೂ ಮೂತ್ರದಲ್ಲಿ ಸಕ್ಕರೆ ಹೋಗುವಂತೆ ಮಾಡಿ ಈ ಸೋಂಕು ತರಬಲ್ಲವು. ಮಾತ್ರೆ ನೀವಾಗಿ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ.

ರಾತ್ರಿ ತುರಿಕೆ ಜಾಸ್ತಿ, ಶಿಶ್ನದ ಮೇಲೆ ಗಟ್ಟಿ ಗುಳ್ಳೆ, ಬೆರಳ ಸಂದಿನಲ್ಲೂ ಕೆರೆತ, ಹೆಂಡತಿ ಮಕ್ಕಳಿಗೂ ಇದೆ ಅಂದರೆ ಕಜ್ಜಿ. ಅದಕ್ಕೆ 5% ಪರ್ಮೆಥ್ರಿನ್ ಮುಲಾಮನ್ನು ಮನೆಮಂದಿಯೆಲ್ಲ ಒಂದೇ ರಾತ್ರಿ ಕುತ್ತಿಗೆಯಿಂದ ಪಾದದವರೆಗೆ ಹಚ್ಚಿ ಬೆಳಿಗ್ಗೆ ಸ್ನಾನ ಮಾಡಬೇಕು, ವಾರ ಬಿಟ್ಟು ಇನ್ನೊಮ್ಮೆ. ಚಿಕ್ಕ ಮಕ್ಕಳಿದ್ದರೆ ವೈದ್ಯರನ್ನು ಕೇಳಿ ಹಚ್ಚಿ. ಜ್ವರಕ್ಕೋ ಭೇದಿಗೋ ನೋವಿಗೋ ಮಾತ್ರೆ ತಗೊಂಡಾಗಲೆಲ್ಲ ಶಿಶ್ನದ ಅದೇ ಜಾಗದಲ್ಲಿ ಕಪ್ಪು ಮಚ್ಚೆ ಎದ್ದರೆ ಅದು ಮಾತ್ರೆಯ ಅಲರ್ಜಿ. ಆ ಮಾತ್ರೆಯ ಹೆಸರು ಬರೆದಿಟ್ಟುಕೊಳ್ಳಿ.

ಔಷಧಿ ಹೊಡೆಯುವವರು ಇದನ್ನು ಗಮನಿಸಿ. ಬೀಜದ ಚೀಲದ ಚರ್ಮ ತುಂಬಾ ತೆಳು. ಪ್ಯಾರಾಥಿಯಾನ್ ಎಂಬ ಹಳೆಯ ಕೀಟನಾಶಕವನ್ನು ಮನುಷ್ಯರ ಚರ್ಮದ ಮೇಲೆ ಪರೀಕ್ಷಿಸಿದಾಗ ಮುಂಗೈಗಿಂತ ಅಲ್ಲಿ ಸುಮಾರು 12 ಪಟ್ಟು ಹೆಚ್ಚು ಹೀರಿಕೊಂಡಿತ್ತು. ಸೋರುವ ಪಂಪಿನಿಂದ ಚಡ್ಡಿ ನೆನೆದರೆ ತಕ್ಷಣ ಬಿಚ್ಚಿ, ಸೋಪು ಹಾಕಿ ತೊಳೀರಿ. ಮೂತ್ರಕ್ಕೆ ಹೋಗುವ ಮುಂಚೆಯೂ ಕೈ ತೊಳೀರಿ, ಬಂದ ಮೇಲೆ ಮಾತ್ರ ಅಲ್ಲ. ತುರಿಕೆಗೆ ಸೀಮೆಎಣ್ಣೆ, ಮೈಲುತುತ್ತ, ಫಿನೈಲ್ ಹಚ್ಚುವವರೂ ಇದ್ದಾರೆ. ಸುಟ್ಟ ಗಾಯ ಆಗುತ್ತೆ, ಬೇಡ.

ನೋವಿಲ್ಲದ ಹುಣ್ಣು ಸಿಫಿಲಿಸ್ ಇರಬಹುದು, ಉರಿಯುವ ನೀರ್ಗುಳ್ಳೆ ಗೊಂಚಲು ಹರ್ಪಿಸ್ ಇರಬಹುದು. ಮುಂದೊಗಲು ಬಿಳಿಚಿ ಬಿಗಿಯಾಗುತ್ತಾ ಬಂದರೆ, ಅಥವಾ ಮೂರ್ನಾಲ್ಕು ವಾರಕ್ಕೂ ಮಾಯದ ಹುಣ್ಣು, ಗಂಟು ಇದ್ದರೆ ಒಂದು ದಿನವೂ ತಡ ಮಾಡಬೇಡಿ, ಕ್ಯಾನ್ಸರ್ ಅಲ್ಲ ಅಂತ ಖಾತ್ರಿಯಾಗಬೇಕು. ಜಿಲ್ಲಾಸ್ಪತ್ರೆಯಲ್ಲಿ ಸುರಕ್ಷಾ ಕ್ಲಿನಿಕ್ ಅಂತ ಇರುತ್ತೆ, ಲೈಂಗಿಕ ಸೋಂಕಿಗೆ ಅಲ್ಲಿ ಪುಕ್ಕಟೆ ಚಿಕಿತ್ಸೆ, ವಿಷಯ ಗುಟ್ಟಾಗಿಡುತ್ತಾರೆ. ಸೋಂಕು ಖಚಿತವಾದರೆ ಹೆಂಡತಿಗೂ ಪರೀಕ್ಷೆ ಆಗಲೇಬೇಕು. ಹೋಗುವಾಗ ಇದುವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾಗಿದ್ದರೂ ಸರಿ, ಒಂದು ಕವರಿಗೆ ಹಾಕಿ ತಗೊಂಡು ಹೋಗಿ. ವೈದ್ಯರು ಮೊದಲು ಕೇಳುವುದೇ ಅದನ್ನು.