ಫಿನ್ ಇಲ್ಲದ ಹಲಗೆಗೆ ಅಂಚೇ ಆಧಾರ

ಫಾತೋರ್ಡಾ ಎಂದರೆ ಫುಟ್‌ಬಾಲ್. ಮಡಗಾಂವ್‌ಗೆ ಹೊಂದಿಕೊಂಡ ಈ ಊರಿನ ನೆಹರೂ ಕ್ರೀಡಾಂಗಣದಲ್ಲಿ 2017ರಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ಪಂದ್ಯಗಳು ನಡೆದವು. 2023ರ ರಾಷ್ಟ್ರೀಯ ಕ್ರೀಡಾಕೂಟ ಉದ್ಘಾಟನೆಯಾದದ್ದೂ ಇಲ್ಲಿಯೇ. ಮಳೆ ಬಿದ್ದ ಮೈದಾನದಲ್ಲಿ ಬೂಟಿನ ಮುಳ್ಳು ಸರಿಯಿಲ್ಲದಿದ್ದರೆ ಎಂಥ ಆಟಗಾರನೂ ತಿರುಗುವಾಗ ಜಾರಿ ಬೀಳುತ್ತಾನೆ ಎಂಬುದು ಇಲ್ಲಿನ ಪುಟ್ಟ ಹುಡುಗರಿಗೂ ಗೊತ್ತು. ಇಲ್ಲಿಂದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಕೊಲ್ವಾ ಕಡಲಿನಲ್ಲಿ ಬೋರ್ಡ್ ಮೇಲೆ ಬೋರಲು ಮಲಗಿ ಅಲೆ ಹತ್ತುವವರ ಸಮಸ್ಯೆಯೂ ಇದೇ. ವ್ಯತ್ಯಾಸವಿಷ್ಟೆ, ಅವರ ಮೈದಾನ ನಿಂತಲ್ಲಿ ನಿಲ್ಲುವುದಿಲ್ಲ.

ಈ ಆಟಕ್ಕೆ ಬಾಡಿಬೋರ್ಡಿಂಗ್ ಎಂದು ಹೆಸರು. ಹವಾಯಿ ದ್ವೀಪದವರು ಪೈಪೊ ಎಂಬ ಗಿಡ್ಡ ಮರದ ಹಲಗೆಯ ಮೇಲೆ ಮಲಗಿ ಅಲೆಯೇರುತ್ತಿದ್ದದ್ದು ಬಹಳ ಹಳೆಯ ಕಥೆ. ಈಗಿನ ಬೋರ್ಡ್ ಹುಟ್ಟಿದ್ದು 1971ರ ಜುಲೈನಲ್ಲಿ, ಅದೇ ಹವಾಯಿಯಲ್ಲಿ. ಟಾಮ್ ಮೋರಿ ಎಂಬ ಅಮೆರಿಕನ್ ಎಂಜಿನಿಯರ್ ಪಾಲಿಎಥಿಲೀನ್ ಫೋಮ್‌ನ ತುಂಡೊಂದನ್ನು ಅಡುಗೆಮನೆಯ ವಿದ್ಯುತ್ ಚಾಕುವಿನಿಂದ ಕೊಯ್ದ; ಮೇಲೆ ವೃತ್ತಪತ್ರಿಕೆಯ ಹಾಳೆ ಹಾಸಿ ಇಸ್ತ್ರಿಪೆಟ್ಟಿಗೆಯಿಂದ ಉಜ್ಜಿ ನಯ ಮಾಡಿದ. ಅದಕ್ಕೆ ‘ಬೂಗಿ’ ಎಂಬ ಸಂಗೀತ ಶೈಲಿಯ ಹೆಸರಿಟ್ಟ. ಸಂಗೀತದ ಹುಚ್ಚಿದ್ದ ಮನುಷ್ಯ, ಹೆಸರಿನಲ್ಲೂ ಅದು ಕಾಣುತ್ತದೆ. 2021ರಲ್ಲಿ ಆತ ತೀರಿಕೊಂಡಾಗ ಜಗತ್ತಿನ ಯಾವ ಕಡಲತೀರದಲ್ಲೂ ಬೂಗಿ ಬೋರ್ಡ್ ಹೊಸ ವಸ್ತುವಾಗಿ ಉಳಿದಿರಲಿಲ್ಲ.

ನಿಂತು ಆಡುವ ಸರ್ಫ್‌ಬೋರ್ಡ್‌ನ ಅಡಿಯಲ್ಲಿ ಸಾಮಾನ್ಯವಾಗಿ ಮೂರು ಫಿನ್‌ಗಳು, ಅಂದರೆ ಮೀನಿನ ರೆಕ್ಕೆಯಂಥ ಪಟ್ಟಿಗಳು, ಇರುತ್ತವೆ. ಅವು ನೀರನ್ನು ಸೀಳಿ ಹಿಡಿದುಕೊಳ್ಳುವುದರಿಂದ ಬೋರ್ಡ್ ಅಡ್ಡಕ್ಕೆ ಜಾರುವುದಿಲ್ಲ. ಬಾಡಿಬೋರ್ಡ್‌ನ ಹೊಟ್ಟೆ ಬೋಳು. ಫಿನ್ ಇರುವುದು ಸವಾರನ ಪಾದಕ್ಕೆ. ಹಾಗಾದರೆ ಇಳಿಜಾರಾದ ಅಲೆಯ ಮೈಮೇಲೆ ಅದು ಕೆಳಗೆ ಸರಿದುಹೋಗದೆ ನಿಲ್ಲುವುದು ಹೇಗೆ? ಎರಡೇ ಆಧಾರ: ಪಕ್ಕದ ಅಂಚು ಮತ್ತು ಬಾಲ.

ಅಂಚಿಗೆ ಆಟಗಾರರು ರೇಲ್ ಎನ್ನುತ್ತಾರೆ. ಬೋರ್ಡನ್ನು ಪಕ್ಕಕ್ಕೆ ತಿರುಗಿಸಿ ಬೆರಳಾಡಿಸಿ ನೋಡಿದರೆ ಅಲ್ಲಿ ಎರಡು ಓರೆ ಮೈಗಳು ಕೂಡಿ ಒಂದು ಏಣು ಆಗಿರುವುದು ತಿಳಿಯುತ್ತದೆ. ಏಣು ಸರಿಯಾಗಿ ಮಧ್ಯದಲ್ಲಿದ್ದರೆ ಅದಕ್ಕೆ 50/50 ರೇಲ್ ಎಂದು ಹೆಸರು. ಇದು ನೀರಿನಲ್ಲಿ ಹೆಚ್ಚು ಹೂತು ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ವೇಗ ತುಸು ಕಡಿಮೆ. ಏಣು ಮಧ್ಯದಿಂದ ಸರಿದಿರುವ 60/40 ರೇಲ್ ಬೇಗ ಬಿಡಿಸಿಕೊಂಡು ಓಡುತ್ತದೆ. ಹಿಡಿತ ಅಷ್ಟರಮಟ್ಟಿಗೆ ಸಡಿಲ. ಬಲಕ್ಕೆ ತಿರುಗಬೇಕಾದವನು ಬಲ ಮೊಣಕೈ ಮತ್ತು ಸೊಂಟದ ಭಾರವನ್ನು ಬಲಗಡೆಯ ರೇಲ್ ಮೇಲೆ ಹಾಕುತ್ತಾನೆ. ಅಂಚು ನೀರಿನೊಳಗೆ ಇಳಿಯುತ್ತದೆ, ಅದರ ಬಾಗು ಹೇಗಿದೆಯೋ ಹಾಗೆ ಬೋರ್ಡ್ ಹೊರಳುತ್ತದೆ. ಎರಡೂ ಪಕ್ಕ ಹೆಚ್ಚುಕಡಿಮೆ ನೇರವಾಗಿರುವ ಬೋರ್ಡ್ ಉದ್ದಕ್ಕೂ ನೀರು ಕಚ್ಚಿ ದೊಡ್ಡ ತಿರುವು ತೆಗೆದುಕೊಳ್ಳುತ್ತದೆ. ಪಕ್ಕಗಳು ಹೆಚ್ಚು ಬಾಗಿದ್ದರೆ ಚಿಕ್ಕ ಜಾಗದಲ್ಲೇ ಗಿರಕ್ಕನೆ ತಿರುಗುತ್ತದೆ. ಹಿಡಿತ ಬೇಕು, ತಕ್ಷಣದ ತಿರುವೂ ಬೇಕು ಎಂದರೆ ಎರಡನ್ನೂ ಪೂರ್ತಿ ಕೊಡುವ ಬೋರ್ಡ್ ಯಾವ ಅಂಗಡಿಯಲ್ಲೂ ಇಲ್ಲ.

ಬಾಲದ ಮಾತು ಇನ್ನೂ ಸ್ವಾರಸ್ಯದ್ದು. ಹೆಚ್ಚಿನ ಬೋರ್ಡ್‌ಗಳ ಹಿಂಬದಿ ಅರ್ಧಚಂದ್ರದಂತೆ ಒಳಕ್ಕೆ ಕೊರೆದಿರುತ್ತದೆ. ಇದು ಕ್ರೆಸೆಂಟ್ ಟೇಲ್. ಚಂದ್ರನ ಎರಡು ತುದಿಗಳು ಹಿಂದಕ್ಕೆ ಚಾಚಿಕೊಂಡಿದ್ದು, ಬೋರ್ಡ್ ಓರೆಯಾದಾಗ ಒಳಗಡೆಯ ತುದಿ ಅಲೆಯಲ್ಲಿ ನೆಟ್ಟುಕೊಂಡು ಫಿನ್‌ನ ಕೆಲಸ ಮಾಡುತ್ತದೆ. ಕೊರೆದ ಜಾಗ ಸವಾರನ ಸೊಂಟಕ್ಕೆ ಹೊಂದಿ ಕೂರುತ್ತದೆ. ಬ್ಯಾಟ್ ಟೇಲ್‌ನಲ್ಲಿ ಮಧ್ಯಭಾಗ ಹಿಂದಕ್ಕೆ ಉಬ್ಬಿರುತ್ತದೆ. ಅದು ಸಲೀಸಾಗಿ ಹೊರಳುತ್ತದೆ, ಅಷ್ಟೇ ಸಲೀಸಾಗಿ ಜಾರುತ್ತದೆ ಕೂಡ. ಒಂದು ಮಂಡಿಯೂರಿ ಆಡುವ ‘ಡ್ರಾಪ್ ನೀ’ ಶೈಲಿಯವರಿಗೆ ಅದು ಇಷ್ಟ. ಹೊಟ್ಟೆಯ ಮೇಲೆ ಮಲಗಿ ಕಲಿಯುವವರು ಕಣ್ಣುಮುಚ್ಚಿ ಕ್ರೆಸೆಂಟ್ ಆರಿಸಿಕೊಂಡರೆ ನಷ್ಟವಿಲ್ಲ. ಬಾಲದ ಹತ್ತಿರ ಅಡಿಯಲ್ಲಿ ಕೊರೆದ ಎರಡು ಉದ್ದ ಗೀರುಗಳೂ ಅಂದಕ್ಕಲ್ಲ. ಚಾನೆಲ್ ಎಂದು ಕರೆಯುವ ಈ ಗೀರುಗಳು ನೀರನ್ನು ನೇರಕ್ಕೆ ಹರಿಸಿ ಬಾಲದ ಹಿಡಿತ ಹೆಚ್ಚಿಸುತ್ತವೆ.

ಮೂತಿಯಿಂದ ಬಾಲದವರೆಗಿನ ಉದ್ದದ ಬಾಗಿಗೆ ರಾಕರ್ ಎನ್ನುತ್ತಾರೆ. ರಾಕರ್ ಹೆಚ್ಚಿದ್ದರೆ ತಿರುಗಿಸುವುದು ಸುಲಭ, ಆದರೆ ಮೂತಿ ನೀರನ್ನು ನೂಕಿಕೊಂಡು ಹೋಗುವುದರಿಂದ ವೇಗ ಸಾಯುತ್ತದೆ. ಕೊಲ್ವಾ, ಬೇತಾಳಭಾಟಿ ಕಡೆಯ ಮರಳು ತಳದ ಸಾಧಾರಣ ಅಲೆಗಳಲ್ಲಿ ಉಳಿದಿರುವುದೇ ಸ್ವಲ್ಪ ಶಕ್ತಿ. ಅದನ್ನೂ ಬೋರ್ಡ್ ತಿಂದುಹಾಕಿದರೆ ಸವಾರಿ ಎಲ್ಲಿ? ಚಪ್ಪಟೆ, ಮೂತಿ ತುಸು ಅಗಲವಿರುವ ಬೋರ್ಡೇ ಇಲ್ಲಿಗೆ ಸರಿ. ನಿಲ್ಲಿಸಿ ಹಿಡಿದಾಗ ಹೊಕ್ಕುಳಮಟ್ಟ ಬಂದರೆ ಎತ್ತರ ಸಾಕು.

ಒಳಗಿನ ಫೋಮ್ ಕೂಡ ಆಕಾರದ ಭಾಗವೇ. ಪಾಲಿಎಥಿಲೀನ್ ತಣ್ಣೀರಿಗೆ ಹೇಳಿಮಾಡಿಸಿದ್ದು. ಅರಬ್ಬೀ ಸಮುದ್ರದಂಥ ಬೆಚ್ಚಗಿನ ನೀರಿನಲ್ಲಿ ಮೆತ್ತಗಾಗಿ, ಭಾರ ಹಾಕಿದಾಗ ಅಂಚು ಕಚ್ಚುವ ಬದಲು ಬಳುಕುತ್ತದೆ. ಇಲ್ಲಿಗೆ ಪಾಲಿಪ್ರೊಪಿಲೀನ್ ತಿರುಳು, ಒಳಗೊಂದು ಗಟ್ಟಿ ಕೋಲು, ಅಂದರೆ ಸ್ಟ್ರಿಂಗರ್, ಇದ್ದರೆ ಒಳ್ಳೆಯದು. ಬೀಚಿನ ದಾರಿಯಂಗಡಿಗಳಲ್ಲಿ ನೇತುಹಾಕುವ, ಕಾರ್ಟೂನ್ ಚಿತ್ರದ ಥರ್ಮಾಕೋಲ್ ಬೋರ್ಡ್‌ಗಳಲ್ಲಿ ಸ್ಪಷ್ಟವಾದ ಏಣೂ ಇಲ್ಲ, ಬಾಲದ ಕೊರೆತವೂ ಇಲ್ಲ. ನೊರೆಯಲ್ಲಿ ನೇರ ದಡಕ್ಕೆ ಜಾರಲು ಅವು ಸಾಕು. ತಿರುಗಿಸಹೋದರೆ ಅಡ್ಡಡ್ಡ ಸರಿದು ಮಗುಚುತ್ತವೆ, ಬೈಗುಳ ಅಲೆಗೆ ಬೀಳುತ್ತದೆ. ಒಳ್ಳೆಯ ಬೋರ್ಡನ್ನು ಕೂಡ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಮೈ ಸೊಟ್ಟಗಾಗಿ, ಪದರದಡಿ ಗುಳ್ಳೆ ಏಳುತ್ತದೆ. ಆಮೇಲೆ ಅದು ಒಂದೇ ಕಡೆಗೆ ಎಳೆಯುತ್ತದೆ.

ಕನ್ನಡ ನಾಡಿನ ಕರಾವಳಿಯಲ್ಲಿ ಅಲೆಯಾಟಕ್ಕೆ ನೆಲೆ ಸಿಕ್ಕಿದ್ದು ಮುಲ್ಕಿಯ ಮಂತ್ರ ಸರ್ಫ್ ಕ್ಲಬ್‌ನಿಂದ. 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದ ಸಸಿಹಿತ್ಲು ಅಲ್ಲೇ ಪಕ್ಕದಲ್ಲಿದೆ. ಅಲ್ಲೆಲ್ಲ ಸದ್ದು ಮಾಡುವುದು ನಿಂತು ಆಡುವ ಸರ್ಫಿಂಗ್. ಮಲಗಿ ಆಡುವುದನ್ನು ಮಕ್ಕಳಾಟವೆಂದು ತಳ್ಳಿಹಾಕುವವರೇ ಹೆಚ್ಚು. ಒಂಬತ್ತು ಬಾರಿ ವಿಶ್ವ ಚಾಂಪಿಯನ್ ಆದ ಹವಾಯಿಯ ಮೈಕ್ ಸ್ಟೀವರ್ಟ್ ಅಲ್ಲಿನ ಪೈಪ್‌ಲೈನ್ ಎಂಬ ತಾಣದ ದೈತ್ಯ ಅಲೆಗಳ ಕೊಳವೆಯೊಳಗೆ ಮಲಗಿಯೇ ನುಗ್ಗುವುದನ್ನು ನೋಡಿದವರು ಹಾಗೆನ್ನಲಾರರು.

ಹುಬ್ಬಳ್ಳಿ, ಬೆಳಗಾವಿಯಿಂದ ವಾರಾಂತ್ಯಕ್ಕೆ ಗೋವಾಕ್ಕೆ ಇಳಿಯುವವರಿಗೂ, ಅಲ್ಲೇ ನೆಲೆಸಿರುವ ಕನ್ನಡ ಮನೆಗಳ ಹುಡುಗರಿಗೂ ಒಂದು ಮಾತು: ಬೋರ್ಡ್ ಕೊಳ್ಳುವಾಗ ಬಣ್ಣ ಬಿಟ್ಟು ಬಾಲ ನೋಡಿ, ಬೋರ್ಡನ್ನು ಕೈಗೆ ಬಿಗಿಯುವ ಲೀಶ್ ಕಟ್ಟಿಕೊಳ್ಳದೆ ನೀರಿಗಿಳಿಯಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಜೀವರಕ್ಷಕರು ಕೆಂಪು ಬಾವುಟ ನೆಟ್ಟಿದ್ದರೆ ಬೋರ್ಡ್ ಮನೆಯಲ್ಲೇ ಇರಲಿ.