ಕೃಪೆಯ ಮುಂದೆ ಮೂವರು ಹಿರಿಯ ಸ್ತ್ರೀಯರು

ನಮ್ಮ ಪ್ರಸಂಗಗಳಲ್ಲಿ ವಯಸ್ಸಾದ ಸ್ತ್ರೀಯು ಸಾಮಾನ್ಯವಾಗಿ ಪ್ರವಾದಿನಿ ಅನ್ನಳಂತೆ ಭಕ್ತಿಯ ಮಾದರಿಯಾಗಿಯೋ, ಚಾಡಿಯ ನಾಲಿಗೆಗೆ ಉದಾಹರಣೆಯಾಗಿಯೋ ಬರುತ್ತಾಳೆ. ದೋಷವುಳ್ಳವಳಾಗಿದ್ದೂ ಕಥೆಯ ಕೇಂದ್ರದಲ್ಲಿ ನಿಲ್ಲುವ ಹಿರಿಯಳನ್ನು ಕಾಣಲು ನಾವು ಸಾಹಿತ್ಯದ ಕಡೆಗೆ ತಿರುಗಬೇಕಾಗುತ್ತದೆ. ಅಮೆರಿಕದ ದಕ್ಷಿಣ ಸೀಮೆಯ ಕಥೋಲಿಕ ಕಥೆಗಾರ್ತಿ ಫ್ಲ್ಯಾನರಿ ಓಕಾನರ್ (1925–1964) ಅವರ ಎರಡು ಕಥೆಗಳನ್ನೂ ದೇವನೂರ ಮಹಾದೇವರ ‘ಒಡಲಾಳ’ವನ್ನೂ ಜೊತೆಗಿಟ್ಟು ಓದಿದರೆ ಒಂದು ಪ್ರಶ್ನೆ ಏಳುತ್ತದೆ: ಎಲ್ಲರ ಪಾಪಕ್ಕೂ ಒಂದೇ ಮುಖವಿದೆಯೇ?

‘ಎ ಗುಡ್ ಮ್ಯಾನ್ ಈಸ್ ಹಾರ್ಡ್ ಟು ಫೈಂಡ್’ (1953) ಕಥೆಯ ಅಜ್ಜಿ, ದಾರಿಯಲ್ಲಿ ಸತ್ತು ಬಿದ್ದರೂ ತಾನು ಕುಲೀನಳೆಂದು ತಿಳಿಯಲೆಂದು ಅಲಂಕರಿಸಿಕೊಂಡು ಹೊರಡುತ್ತಾಳೆ. ಅವಳ ಹಟದಿಂದಲೂ ಬಚ್ಚಿಟ್ಟು ತಂದ ಬೆಕ್ಕಿನಿಂದಲೂ ಕುಟುಂಬವು ಕೊಲೆಗಾರನ ಕೈಗೆ ಸಿಕ್ಕುತ್ತದೆ. ಸಾವಿನ ಕ್ಷಣದಲ್ಲಿ ಮಾತ್ರ ಅವಳು ಅವನನ್ನು ತನ್ನ ಮಕ್ಕಳಲ್ಲೊಬ್ಬನೆಂದು ಮುಟ್ಟುತ್ತಾಳೆ. ‘ರೆವೆಲೇಶನ್’ (1964) ಕಥೆಯ ನಡುವಯಸ್ಸಿನ ಶ್ರೀಮತಿ ಟರ್ಪಿನ್, ವೈದ್ಯರ ಕೋಣೆಯಲ್ಲಿ ಕುಳಿತು ಜನರನ್ನು ವರ್ಗವರ್ಗವಾಗಿ ವಿಂಗಡಿಸಿ, ತನ್ನ ಸ್ಥಾನಕ್ಕಾಗಿ ಯೇಸುವಿಗೆ ಸ್ತೋತ್ರ ಸಲ್ಲಿಸುತ್ತಾಳೆ. ಹುಡುಗಿಯೊಬ್ಬಳು ಎಸೆದ ಪುಸ್ತಕದ ಪೆಟ್ಟು ಆ ಸ್ತೋತ್ರವನ್ನು ತುಂಡರಿಸುತ್ತದೆ. ಸಂಜೆಯ ದರ್ಶನದಲ್ಲಿ ಅವಳು ಹೀನವೆಂದೆಣಿಸಿದವರೇ ಪರಲೋಕಕ್ಕೆ ಮುಂದಾಗಿ ನಡೆಯುತ್ತಾರೆ; ಅವಳಂಥವರು ಕೊನೆಯಲ್ಲಿದ್ದಾರೆ, ಅವರ ಸದ್ಗುಣಗಳೂ ಸುಟ್ಟುಹೋಗುತ್ತಿವೆ. ಲೂಕ 18ರ ಫರಿಸಾಯನ ಪ್ರಾರ್ಥನೆಗೆ ಇದಕ್ಕಿಂತ ಸಮೀಪವಾದ ಆಧುನಿಕ ವ್ಯಾಖ್ಯಾನ ದುರ್ಲಭ. ಇಲ್ಲಿ ಪಾಪವೆಂದರೆ ಸ್ವನೀತಿ. ಕೃಪೆಯೆಂದರೆ ಅದನ್ನು ಒಡೆಯುವ ಏಟು.

‘ಒಡಲಾಳ’ದ ಸಾಕವ್ವ ಬಡ ದಲಿತ ಮುದುಕಿ. ಕಳೆದುಹೋದ ಹುಂಜಕ್ಕಾಗಿ ಅಲೆಯುತ್ತಾಳೆ, ಬಯ್ಯುತ್ತಾಳೆ, ಮಕ್ಕಳೊಡನೆ ಕಾದಾಡುತ್ತಾಳೆ. ಮಗನು ರಾತ್ರಿ ಕದ್ದು ತಂದ ಕಡಲೆಕಾಯಿಯನ್ನು ಮನೆಯವರೆಲ್ಲ ಬೆಂಕಿಯ ಸುತ್ತ ಕುಳಿತು ತಿನ್ನುತ್ತಾರೆ. ಮರುದಿನ ಪೊಲೀಸರು ಬರುತ್ತಾರೆ. ಅವಳ ದೋಷಗಳು ನಿಜವಾದವೇ. ಆದರೆ ಅವುಗಳಿಗೆ ಸ್ವನೀತಿಯೆಂಬ ಹೆಸರು ಒಪ್ಪುವುದಿಲ್ಲ, ಏಕೆಂದರೆ ಕೀಳಾಗಿ ನೋಡಲು ಅವಳ ಕೆಳಗೆ ಯಾರನ್ನೂ ಲೋಕವು ಉಳಿಸಿಲ್ಲ. ಏಟುಗಳು ಅವಳಿಗೆ ಮೊದಲೇ ಸಾಕಷ್ಟು ಬಿದ್ದಿವೆ; ಇನ್ನೊಂದನ್ನು ಕೃಪೆಯೆನ್ನುವುದು ಕ್ರೌರ್ಯ. ಅವಳ ಪಾಲಿಗೆ ಕೃಪೆಯ ಹೋಲಿಕೆ ಯಾವುದಾದರೂ ಇದ್ದರೆ, ಅದು ಎಲ್ಲರೂ ಹೊಟ್ಟೆತುಂಬ ಉಂಡ ಆ ರಾತ್ರಿಯ ಪಂಕ್ತಿ. ಕಳವನ್ನು ನಾವು ಸಮರ್ಥಿಸುತ್ತಿಲ್ಲ. ಹಸಿವನ್ನು ಮರೆತು ಕಳವನ್ನಷ್ಟೇ ಎಣಿಸುವ ನ್ಯಾಯವನ್ನು ಪ್ರಶ್ನಿಸುತ್ತಿದ್ದೇವೆ.

ಈ ಭೇದವು ಸಭಾಪಾಲನೆಗೆ ನೇರವಾಗಿ ಸಂಬಂಧಿಸಿದೆ. ಸೂಪಾ ಅಣೆಕಟ್ಟಿಗಾಗಿ ಮನೆ, ಗದ್ದೆ ಕಳೆದುಕೊಂಡವರು ನೆಲೆಸಿದ ಜೊಯಿಡಾ ತಾಲ್ಲೂಕಿನ ರಾಮನಗರದಂತಹ ಊರಿನಲ್ಲಿ ಪ್ರಸಂಗಿಸುವವನು, ಮುಂದೆ ಕುಳಿತ ಅಜ್ಜಿಯರಿಗೆಲ್ಲ ಒಂದೇ ದಮನದ ಮಾತನ್ನು ಹೇಳಲಾರನು. ದೀನತೆಯ ಉಪದೇಶವು ಟರ್ಪಿನ್‌ಗೆ ಔಷಧ, ಸಾಕವ್ವನಿಗೆ ಇನ್ನೊಂದು ಹೊರೆ. ಯಾವ ಹಿರಿಯಳು ಯಾವ ಸ್ಥಳದಿಂದ ಮಾತಾಡುತ್ತಾಳೆಂದು ಮೊದಲು ಕೇಳಿಸಿಕೊಂಡು, ಬಳಿಕವೇ ಪಶ್ಚಾತ್ತಾಪದ ಕರೆಯನ್ನು ನಾವು ಕೊಡತಕ್ಕದ್ದು.