3600 ಎಂದು ಬರೆದಿರುವ ರ‍್ಯಾಮ್ 2133ರಲ್ಲೇ ಓಡುವುದೇಕೆ?

ಗೇಮಿಂಗ್ ಕಂಪ್ಯೂಟರಿಗೆಂದು ಹೆಚ್ಚು ಹಣ ಕೊಟ್ಟು ಡಿಡಿಆರ್4-3600 ರ‍್ಯಾಮ್ ತಂದಿದ್ದೀರಿ. ಆದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ವೇಗ 2133 ಎಂದು ಕಾಣುತ್ತಿದೆ. ಅಂಗಡಿಯವರು ಮೋಸ ಮಾಡಿದರೇ?

ಸಾಮಾನ್ಯವಾಗಿ ಇಲ್ಲ. ಡಬ್ಬದ ಮೇಲಿನ 3600 ಎಂಬುದು ಓವರ್‌ಕ್ಲಾಕ್ ಮಾಡಿದಾಗ ಸಿಗುವ ವೇಗ. ಮದರ್‌ಬೋರ್ಡ್ ಮೊದಲಿಗೆ ಆರಿಸಿಕೊಳ್ಳುವುದು ಎಲ್ಲೆಡೆ ನಡೆಯುವ ಸುರಕ್ಷಿತ ವೇಗವನ್ನು. ಹೆಚ್ಚಿನ ವೇಗ ಬೇಕಿದ್ದರೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ನಾವೇ ಆನ್ ಮಾಡಬೇಕು. ಆಗ ರ‍್ಯಾಮ್‌ನ ವೋಲ್ಟೇಜ್ ಕೂಡ 1.2ರಿಂದ ಸಾಮಾನ್ಯವಾಗಿ 1.35ಕ್ಕೆ ಏರುತ್ತದೆ.

ಆಮೇಲೆ ಕೆಲವು ತಂತ್ರಾಂಶಗಳು 1800 ಎಂದು ತೋರಿಸಿದರೆ ಗಾಬರಿ ಬೇಡ. ಡಿಡಿಆರ್ ರ‍್ಯಾಮ್ ಗಡಿಯಾರದ ಪ್ರತಿ ಮಿಡಿತದಲ್ಲೂ ಎರಡು ಬಾರಿ ದತ್ತಾಂಶ ಸಾಗಿಸುತ್ತದೆ. 1800ರ ಎರಡರಷ್ಟೇ 3600.

ಕೊಳ್ಳುವಾಗ ವೇಗದ ಜೊತೆಗೆ ಸಿಎಲ್ ಸಂಖ್ಯೆಯನ್ನೂ ನೋಡಿ. 3200 ಸಿಎಲ್16 ಮತ್ತು 3600 ಸಿಎಲ್18 ಎರಡರಲ್ಲೂ ಆ ವಿಳಂಬ 10 ನ್ಯಾನೋಸೆಕೆಂಡ್ ಮಾತ್ರ. ಬೇರೆ ಬೇರೆ ಕಡೆ ಕೊಂಡ ಎರಡು ಸ್ಟಿಕ್‌ಗಳಿಗಿಂತ ಒಂದೇ ಡಬ್ಬದ ಜೋಡಿ ಒಳ್ಳೆಯದು.

ವೇಗ ಹೆಚ್ಚಿಸಿದ ಮೇಲೆ ಗೇಮ್ ನಿಂತುಹೋದರೆ ತೊಂದರೆ ಗೊತ್ತಾಗುತ್ತದೆ. ಸದ್ದಿಲ್ಲದೆ ಆಗುವ ತಪ್ಪು ಇನ್ನೂ ಅಪಾಯಕಾರಿ: ಉಳಿಸಿದ ಫೋಟೋ, ಕಡತಗಳು ಕೆಡಬಹುದು. ಹಾಗಾಗಿ ಒಂದು ರಾತ್ರಿ ಮೆಮ್‌ಟೆಸ್ಟ್86 ಓಡಿಸಿ. ಒಂದೇ ಒಂದು ದೋಷ ಕಂಡರೂ ವೇಗವನ್ನು ಒಂದು ಹಂತ ಇಳಿಸಿ, ಮತ್ತೆ ಪರೀಕ್ಷಿಸಿ. ಮೂಲ ವೇಗದಲ್ಲೂ ದೋಷ ಬಂದರೆ ಸ್ಟಿಕ್‌ಗಳನ್ನು ಒಂದೊಂದಾಗಿ ಹಾಕಿ ನೋಡಿ. ಕೆಟ್ಟದ್ದು ಸಿಕ್ಕಿಬೀಳುತ್ತದೆ, ವಾರಂಟಿ ಇದ್ದರೆ ಬದಲಾಯಿಸಿಕೊಳ್ಳಿ.